ಒಂದು ಈಡಲ್ಲ, ಹತ್ತು ಈಡು: ಸುಳ್ಯದ ಕೋವಿ ಮತ್ತು ಗುರಿಯ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಕತೆ ಒಂದು ಶಬ್ದದಿಂದ ಶುರು ಮಾಡೋಣ. ಬೆಡಿ.

ಪುತ್ತೂರಿನವರಿಗೆ ಈ ಶಬ್ದ ಕೇಳಿದ ಕೂಡಲೇ ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆ ನೆನಪಾಗ್ತದೆ. ಏಪ್ರಿಲ್ ತಿಂಗಳ ಜಾತ್ರೆ, ರಥ, ಆಕಾಶದಲ್ಲಿ ಬಣ್ಣದ ಮದ್ದು. ಅದು ಪುತ್ತೂರು ಬೆಡಿ. ಆದರೆ ತುಳುವಿನಲ್ಲಿ ಬೆಡಿ ಅಂದರೆ ಕೋವಿಯೂ ಹೌದು. ಸುಳ್ಯ, ಕಡಬದ ಕಡೆ ತೋಟದ ಮನೆಗಳಲ್ಲಿ "ಬೆಡಿ ಉಂಟಾ?" ಅಂತ ಕೇಳಿದರೆ ಪಟಾಕಿ ಬಗ್ಗೆ ಕೇಳಿದ್ದಲ್ಲ. ಅಡಿಕೆ ತೋಟಕ್ಕೆ ಹಂದಿ ಬಂದಾಗ, ತೆಂಗಿನ ಮರಕ್ಕೆ ಮಂಗ ಹತ್ತಿದಾಗ ಒಳಗಿಂದ ತರುವ ಲೈಸೆನ್ಸ್ ಕೋವಿಯ ಬಗ್ಗೆ ಕೇಳಿದ್ದು.

ಈ ಕೋವಿಯ ಬಗ್ಗೆ ನಮ್ಮ ಊರಲ್ಲಿ ಕತೆಗಳಿಗೆ ಬರಗಾಲ ಇಲ್ಲ. "ನಮ್ಮಜ್ಜನ ಕೋವಿ ಉಂಟಲ್ಲ, ಆಚೆ ಗುಡ್ಡೆಯಿಂದ ಒಂದೇ ಈಡಿಗೆ ಕಾಯಿ ಉದುರಿಸ್ತಿತ್ತು ಮಾರಾಯ್ರೆ" ಅಂತ ಯಾರಾದರೂ ಹೇಳದ ಮದುವೆ ಮನೆ ಇಲ್ಲ. ಇವತ್ತಿನ ಪ್ರಶ್ನೆ ಇಷ್ಟೇ. ಒಂದು ಕೋವಿ ಒಳ್ಳೆಯದಾ ಅಲ್ಲವಾ ಅಂತ ಹೇಗೆ ಗೊತ್ತಾಗ್ತದೆ? ಅಜ್ಜನ ಆ ಒಂದು ಈಡು ಸಾಕ್ಷಿ ಆಗ್ತದಾ?

ಸುಮ್ಮನೆ ಹರಟೆಯ ಪ್ರಶ್ನೆ ಅನಿಸಬಹುದು. ಆದರೆ ಇದಕ್ಕೆ ಉತ್ತರ ಹುಡುಕಲು ಮನುಷ್ಯರಿಗೆ ನೂರಾರು ವರ್ಷ ಬೇಕಾಯ್ತು. ಆ ಉತ್ತರ ಇವತ್ತು ನಿಮ್ಮ ಕೈಯಲ್ಲಿರುವ ಫೋನಿನ ಒಳಗೂ ಉಂಟು. ನಡುವೆ ನಮ್ಮ ಸುಳ್ಯದ ಒಂದು ದೊಡ್ಡ ಕತೆಯೂ ಬರ್ತದೆ.

ಗಡಿ ಜರುಗಿದ ವರ್ಷ

1834ಕ್ಕೆ ಹೋಗೋಣ. ಆಗ ಸುಳ್ಯ ಇದ್ದದ್ದು ಕೊಡಗಿನ ಹಾಲೇರಿ ಅರಸರ ಆಳ್ವಿಕೆಯಲ್ಲಿ. ಆ ವರ್ಷ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿತು. ಕೊಡಗು ಕಂಪನಿಯ ಕೈಗೆ ಬಂತು. ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಕಾಗದದ ಮೇಲೆ ಒಂದು ಗೆರೆ, ಅಷ್ಟೇ. ಆದರೆ ಆ ಗೆರೆಯ ಪರಿಣಾಮ ಇವತ್ತಿಗೂ ಮುಗಿದಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೇನೆ.

ಕೊಡಗಿನ ಅರಸರ ಕಾಲದಲ್ಲಿ ರೈತರು ಕಂದಾಯವನ್ನು ಬೆಳೆದ ವಸ್ತುವಿನಲ್ಲೇ ಕೊಡಬಹುದಿತ್ತು. ಕಂಪನಿ ನಗದು ಕೇಳಿತು. ಭತ್ತ ಬೆಳೆಯುವವನ ಹತ್ತಿರ ನಾಣ್ಯ ಎಲ್ಲಿಂದ ಬರಬೇಕು? ಸಾಲ, ಸಾಹುಕಾರ, ಸಿಟ್ಟು. 1837ರಲ್ಲಿ ಸಿಟ್ಟು ಒಡೆಯಿತು. ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು, ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತ ಪುಟ್ಟಬಸಪ್ಪ. ಮಾರ್ಚ್ ಕೊನೆಗೆ ಬೆಳ್ಳಾರೆಯ ಖಜಾನೆ ಕೈವಶ ಆಯ್ತು. ಅಲ್ಲಿಂದ ಪುತ್ತೂರು, ಪಾಣೆಮಂಗಳೂರು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿದು ಇವರದ್ದು ಏರಿತು. 13 ದಿನ ಅಲ್ಲಿ ಕಂಪನಿಯ ಆಳ್ವಿಕೆ ಇರಲಿಲ್ಲ. ಆಮೇಲೆ ಹೊರಗಿಂದ ಸೇನೆ ಬಂತು, ದಂಗೆ ಮುರಿಯಿತು. ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದನ್ನು ಜನ ಬಹಳ ಕಾಲ "ಕಲ್ಯಾಣಪ್ಪನ ಕಾಟಕಾಯಿ" ಅಂತ ಕರೆದರು. ಕಾಟಕಾಯಿ ಅಂದರೆ ಲೂಟಿ. ಈಗ "ಅಮರ ಸುಳ್ಯ ಸ್ವಾತಂತ್ರ್ಯ ಸಂಗ್ರಾಮ" ಅಂತೇವೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು.

ಚಕಮಕಿ ಕಲ್ಲಿನ ಕಾಲ

ಆ ಕಾಲದ ಕೋವಿ ಹೇಗಿತ್ತು? ಬ್ರಿಟಿಷ್ ಸೇನೆ ಕೇಪಿನ ಕೋವಿಗೆ ಬದಲಾದದ್ದು 1837ರ ಆಚೆಗೆ. ಅಂದರೆ ಸುಳ್ಯದ ದಂಗೆಯ ಹೊತ್ತಿಗೆ ಕಂಪನಿಯ ಸಿಪಾಯಿಯ ಕೈಯಲ್ಲಿ ಇದ್ದದ್ದು ಚಕಮಕಿ ಕಲ್ಲಿನ ಮಸ್ಕೆಟ್, "ಬ್ರೌನ್ ಬೆಸ್" ಅಂತ ಅಡ್ಡಹೆಸರು. ಬಾಯಿಯಿಂದ ಮದ್ದು ಸುರಿದು, ಉಂಡೆ ಹಾಕಿ, ಸಲಾಕೆಯಿಂದ ಜಡಿದು, ಕುದುರೆ ಎಳೆದರೆ ಕಿಡಿ ಹಾರಿ ಢಂ.

ಅದರ ನಳಿಗೆಯ ಒಳಗಿನ ವ್ಯಾಸ 0.75 ಇಂಚು, ಸುಮಾರು 19 ಮಿಲಿಮೀಟರ್. ಉಂಡೆಯ ವ್ಯಾಸ 0.69 ಇಂಚು, ಸುಮಾರು ಹದಿನೇಳೂವರೆ ಮಿಲಿಮೀಟರ್. ಬೇಕೆಂದೇ ಸಡಿಲ ಇಡ್ತಿದ್ದರು. ಕಪ್ಪು ಮದ್ದಿನ ಮಸಿ ನಳಿಗೆಯೊಳಗೆ ಕಟ್ಟಿಕೊಂಡ ಮೇಲೂ ಮುಂದಿನ ಉಂಡೆ ಬೇಗ ಇಳಿಯಬೇಕಲ್ಲ. ಆದರೆ ಆ ಸಡಿಲದಿಂದ ಏನಾಗ್ತದೆ? ಉಂಡೆ ನಳಿಗೆಯ ಗೋಡೆಗೆ ಆಚೀಚೆ ಬಡಿಯುತ್ತಾ ಹೊರಡ್ತದೆ. ಕೊನೆಗೆ ಯಾವ ಬದಿಗೆ ಬಡಿದು ಹೊರಬಿತ್ತೋ ಅದರ ಪ್ರಕಾರ ಒಂದು ತಿರುಗು. ಕ್ರಿಕೆಟ್ ನೋಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಿರುಗುವ ಚೆಂಡು ಗಾಳಿಯಲ್ಲೇ ವಾಲ್ತದೆ. ಬೌಲರ್‌ಗೆ ತನ್ನ ಚೆಂಡು ಯಾವ ಕಡೆ ತಿರುಗ್ತದೆ ಅಂತ ಗೊತ್ತು. ಮಸ್ಕೆಟ್ ಹಿಡಿದವನಿಗೆ ಗೊತ್ತಿಲ್ಲ.

ಇದನ್ನು ಮೊದಲು ಪ್ರಯೋಗ ಮಾಡಿ ತೋರಿಸಿದವರಲ್ಲಿ ಮುಖ್ಯನಾದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ಮದ್ದುಗುಂಡಿನ ವಿಜ್ಞಾನದ ಬಗ್ಗೆ ಪುಸ್ತಕ ಬರೆದವನು. ಅವನ ಒಂದು ಪ್ರಯೋಗ ಬಹಳ ಸರಳ. ಕೋವಿಯನ್ನು ಗಟ್ಟಿಯಾಗಿ ಕಟ್ಟಿ, ಮುಂದೆ ತೆಳು ಕಾಗದದ ಪರದೆಗಳನ್ನು ಸಾಲಾಗಿ ನಿಲ್ಲಿಸಿದ. ಉಂಡೆ ಪ್ರತಿ ಪರದೆಯಲ್ಲಿ ಒಂದು ತೂತು ಬಿಟ್ಟು ಹೋಗ್ತದೆ. ತೂತುಗಳನ್ನು ಜೋಡಿಸಿದರೆ ದಾರಿ ಸಿಗ್ತದೆ. ನೋಡಿದರೆ ದಾರಿ ನೇರ ಇಲ್ಲ, ಒಂದು ಬದಿಗೆ ಬಾಗಿದೆ. ಅಷ್ಟೇ ಅಲ್ಲ, ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ ಹೊಡೆದರೆ ಉಂಡೆ ಮೊದಲು ಎಡಕ್ಕೆ ಹೋಗಿ ಆಮೇಲೆ ಬಲಕ್ಕೆ ಬಾಗಿತು. ತಿರುಗೇ ಕಾರಣ ಅಂತ ಅದರಿಂದ ಸ್ಪಷ್ಟ ಆಯ್ತು.

ಈ ರಾಬಿನ್ಸ್ ಕೊನೆಗೆ ಬಂದದ್ದು ನಮ್ಮ ದೇಶಕ್ಕೇ. ಕಂಪನಿಯ ಕೋಟೆಗಳನ್ನು ಸರಿಪಡಿಸುವ ಎಂಜಿನಿಯರ್ ಆಗಿ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಅರ್ಧಕ್ಕರ್ಧ ತಪ್ಪಿದ ಗುಂಡು

ಹಾಗಾದರೆ ಆ ಮಸ್ಕೆಟ್ ಎಷ್ಟು ದೂರಕ್ಕೆ ನಂಬಿಗಸ್ತ? ಸೇನೆಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಇದನ್ನು ಹಿಡಿದು ಯುದ್ಧ ಮಾಡಿದವು. ಆದರೂ ಕುಳಿತು ಅಳೆದದ್ದು ಕಡಿಮೆ. 1846ರಲ್ಲಿ ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್‌ನ ಕ್ಯಾಪ್ಟನ್ ಮೆಕ್‌ಕೆರ್ಲಿ ಒಂದು ಪರೀಕ್ಷೆ ಮಾಡಿದರು. ನಮ್ಮ ದಂಗೆ ನಡೆದು 9 ವರ್ಷದ ಮೇಲೆ.

75 ಮತ್ತು 100 ಗಜದಲ್ಲಿ 2 ಅಡಿ ಅಗಲದ ಹಲಗೆಗೆ ಎಲ್ಲ ಗುಂಡೂ ಬಿತ್ತು. ಒಳ್ಳೆಯದು. 200 ಗಜದಲ್ಲಿ, ಅಂದರೆ ಸುಮಾರು 183 ಮೀಟರಿನಲ್ಲಿ, 6 ಅಡಿ ಅಗಲ, ಹನ್ನೊಂದೂವರೆ ಅಡಿ ಎತ್ತರದ ಹಲಗೆ. ಒಂದು ಸಣ್ಣ ಕೋಣೆಯ ಗೋಡೆಯಷ್ಟು ದೊಡ್ಡದು ಅಂತ ಇಟ್ಟುಕೊಳ್ಳಿ. ಅದಕ್ಕೂ ಅರ್ಧಕ್ಕರ್ಧ ಗುಂಡು ತಪ್ಪಿತು.

ಇಲ್ಲಿ ಒಂದು ಸೂಕ್ಷ್ಮ ಉಂಟು. 100 ಗಜದಲ್ಲಿ 2 ಅಡಿ ಅಗಲದೊಳಗೆ ಎಲ್ಲ ಬಿದ್ದರೆ, 200 ಗಜದಲ್ಲಿ 4 ಅಡಿಯೊಳಗೆ ಬೀಳಬೇಕು ಅಂತ ನಮ್ಮ ಲೆಕ್ಕ, ದೂರ ಎರಡು ಪಟ್ಟು ಆದರೆ ಹರಡು ಎರಡು ಪಟ್ಟು. ಆದರೆ 6 ಅಡಿಯೂ ಸಾಲಲಿಲ್ಲ. ಕೆಲವು ಗುಂಡು ಹಲವು ಗಜ ಪಕ್ಕಕ್ಕೆ ಹೋದವು, ಕೆಲವು ಮೊದಲೇ ನೆಲಕ್ಕೆ ಬಿದ್ದವು. ರಾಬಿನ್ಸ್ ಹೇಳಿದ ತಿರುಗು ದೂರ ಹೋದ ಹಾಗೆ ಜಾಸ್ತಿ ಆಟ ಆಡ್ತದೆ. ಅಂದರೆ ಹತ್ತಿರದಲ್ಲಿ ಚೆನ್ನಾಗಿ ಹೊಡೆದದ್ದನ್ನು ನೋಡಿ "ದೂರಕ್ಕೂ ಸರಿ" ಅಂತ ಊಹಿಸುವ ಹಾಗಿಲ್ಲ. ಅಲ್ಲಿಯೇ ಹೋಗಿ ಅಳೆಯಬೇಕು.

ಈಗ ಅಜ್ಜನ "ಆಚೆ ಗುಡ್ಡೆಯಿಂದ ಒಂದೇ ಈಡು" ನೆನಪು ಮಾಡಿಕೊಳ್ಳಿ. ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಬಿದ್ದಿರಬಹುದು. ಆದರೆ ತಪ್ಪಿದ ಈಡುಗಳನ್ನು ಮದುವೆ ಮನೆಯಲ್ಲಿ ಯಾರೂ ಹೇಳುವುದಿಲ್ಲ ಅಲ್ವಾ?

ಗೆರೆಯ ಆಚೆ, ಗೆರೆಯ ಈಚೆ

1834ರ ಗೆರೆಯ ಕತೆ ಬಾಕಿ ಇತ್ತು. 1837ರ ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕ ಕೊಟ್ಟಿತು. 1857ರ ನಂತರ ಬ್ರಿಟಿಷರು ದೇಶದ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದರು. ಆದರೆ 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಅದೇ ಕಬ್ಬನ್. ಸರ್ಕಾರಕ್ಕೆ ನಿಷ್ಠರಾಗಿದ್ದರು, ಸೇವೆ ಮಾಡಿದ್ದರು ಅನ್ನುವುದು ಕಾರಣ.

ಆ ವಿನಾಯಿತಿ ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯ ಅಡಿಯಲ್ಲೂ ಮುಂದುವರಿಯಿತು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಹೈಕೋರ್ಟಿನಲ್ಲಿ ಪ್ರಶ್ನೆ ಆದಾಗ 2021ರಲ್ಲಿ ಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ಈಗ ಸಂಪಾಜೆಗೆ ಬನ್ನಿ. ಮಂಗಳೂರಿನಿಂದ ಮಡಿಕೇರಿಗೆ ಹೋಗುವಾಗ ಘಟ್ಟ ಶುರುವಾಗುವ ಜಾಗ. ಸಂಪಾಜೆ ಸುಳ್ಯದಲ್ಲೂ ಉಂಟು, ಕೊಡಗಿನಲ್ಲೂ ಉಂಟು. ಅದೇ ಅರೆಭಾಷೆ, ಅದೇ ಅಡಿಕೆ, ಅದೇ ಆನೆ. ಆದರೆ ಗೆರೆಯ ಆಚೆಯ ಜಮ್ಮಾ ಹಿಡುವಳಿದಾರನಿಗೆ ವಿನಾಯಿತಿ. ಈಚೆಯವನಿಗೆ ಅರ್ಜಿ, ಪೊಲೀಸ್ ವರದಿ, ಲೈಸೆನ್ಸ್, ನವೀಕರಣ. ಚುನಾವಣೆ ಬಂದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವ ಆದೇಶ. "ಚುನಾವಣೆ ಇದೆ ಅಂತ ಹಂದಿ ತೋಟಕ್ಕೆ ಬರುವುದು ಬಿಡ್ತದಾ?" ಅಂತ ಈ ಕಡೆಯ ರೈತರು ಪ್ರತಿ ಸಲ ಕೇಳ್ತಾರೆ. ಹೈಕೋರ್ಟ್ ಮೆಟ್ಟಿಲು ಹತ್ತಿದ್ದೂ ಉಂಟು. ಇದನ್ನು ಇಟ್ಟುಕೊಂಡು ಕೊಡಗಿನವರ ಮೇಲೆ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಆದರೆ 1834ರಲ್ಲಿ ಯಾರೋ ಎಳೆದ ಗೆರೆ ಇವತ್ತಿನ ಜಗಲಿಯವರೆಗೆ ಬಂದಿದೆ ಅನ್ನುವುದಂತೂ ನಿಜ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. 1959ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಯ ಕೋವಿ ಯಾವುದು ಅಂತಲೂ ಹೇಳ್ತದೆ. ಬಾಯಿಯಿಂದ ಮದ್ದು ತುಂಬುವ ಕೋವಿ. ಸ್ವಂತ ರಕ್ಷಣೆಗೆ, ಕ್ರೀಡೆಗೆ ಆದರೆ 20 ಇಂಚಿಗೆ ಕಡಿಮೆ ಇಲ್ಲದ, ಒಳಗೆ ನುಣುಪಾದ ನಳಿಗೆಯ ಕೋವಿ. ಅಂದರೆ ತೋಟದ ಮನೆಯ ಕೇಪಿನ ಕೋವಿ, ತೋಟಾ ಕೋವಿ ಇವೆಲ್ಲ ರೈಫಲ್ ಅಲ್ಲ. ತಂತ್ರದ ದೃಷ್ಟಿಯಿಂದ ಅವು ಮೆಕ್‌ಕೆರ್ಲಿ ಪರೀಕ್ಷೆ ಮಾಡಿದ ಮಸ್ಕೆಟಿನ ತಮ್ಮ, ತಂಗಿ.

ರಾಣಿಯ ಒಂದು ಈಡು

ರೈಫಲ್ ಅಂದರೆ ಏನು? ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದಿರ್ತಾರೆ. ಗುಂಡು ಆ ಗೆರೆಗೆ ಕಚ್ಚಿಕೊಂಡು ಹೊರಡುವಾಗ ಬುಗುರಿಯ ಹಾಗೆ ತಿರುಗ್ತದೆ. ಮಸ್ಕೆಟಿನಲ್ಲಿ ತಿರುಗು ಯಾವ ಕಡೆಗೋ ಏನೋ. ಇಲ್ಲಿ ಪ್ರತಿ ಸಲ ಒಂದೇ ಕಡೆ, ಹೋಗುವ ದಾರಿಯ ಸುತ್ತವೇ ತಿರುಗು. ಅದಕ್ಕೇ ಗುಂಡು ಸ್ಥಿರ. 1857ರಲ್ಲಿ ಕೊಬ್ಬು ಸವರಿದ ತೋಟಾದ ಗಲಾಟೆ ಎಬ್ಬಿಸಿದ ಎನ್‌ಫೀಲ್ಡ್ ಇದೇ ಜಾತಿಯದ್ದು.

ಅದೇ 1857ರಲ್ಲಿ ಇಂಗ್ಲೆಂಡಿನಲ್ಲಿ ಎನ್‌ಫೀಲ್ಡಿಗೂ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಮಾಡಿದ ಹೊಸ ರೈಫಲಿಗೂ ಪಂದ್ಯ ಆಯ್ತು. ಅಲ್ಲಿ "ಯಾರ ಗುಂಡು ನಡುವಿಗೆ ಹತ್ತಿರ ಬಿತ್ತು" ಅಂತ ಮಾತ್ರ ನೋಡಲಿಲ್ಲ. ಬಿದ್ದ ಎಲ್ಲ ತೂತುಗಳ ನಡುಬಿಂದು ಕಂಡುಹಿಡಿದರು. ಆ ನಡುಬಿಂದುವಿನಿಂದ ಪ್ರತಿ ತೂತು ಎಷ್ಟು ದೂರ ಅಂತ ಅಳೆದರು. ಸರಾಸರಿ ತೆಗೆದರು. 500 ಗಜದಲ್ಲಿ ವಿಟ್‌ವರ್ತ್ ರೈಫಲಿನ ಸರಾಸರಿ 0.37 ಅಡಿ, ಸುಮಾರು 11 ಸೆಂಟಿಮೀಟರ್. ಎನ್‌ಫೀಲ್ಡಿನದ್ದು 2.24 ಅಡಿ, ಸುಮಾರು 68 ಸೆಂಟಿಮೀಟರ್. ಆರು ಪಟ್ಟು ವ್ಯತ್ಯಾಸ.

ಮೂರು ವರ್ಷ ಬಿಟ್ಟು 1860ರ ಜುಲೈಯಲ್ಲಿ ವಿಂಬಲ್ಡನ್ ಮೈದಾನದಲ್ಲಿ ರೈಫಲ್ ಸಂಘದ ಮೊದಲ ಸ್ಪರ್ಧೆ. ಉದ್ಘಾಟನೆಗೆ ವಿಕ್ಟೋರಿಯಾ ರಾಣಿ. ವಿಟ್‌ವರ್ತ್ ರೈಫಲನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟು, ಗುರಿ ಹೊಂದಿಸಿ, ರಾಣಿಯ ಕೈಗೆ ದಾರ ಕೊಟ್ಟರು. ರಾಣಿ ಎಳೆದರು. 400 ಗಜ ದೂರದ ಗುರಿಯಲ್ಲಿ ಗುಂಡು ನಡುವಿನಿಂದ ಒಂದೂಕಾಲು ಇಂಚು ದೂರ ಬಿತ್ತು. ಜನರಿಗೆ ಬೆರಗು.

ಈಗ ನಾವು ಲೆಕ್ಕ ಹಾಕೋಣ. 500 ಗಜದಲ್ಲಿ ಆ ರೈಫಲಿನ ಸರಾಸರಿ ದೂರ 0.37 ಅಡಿ ಅಂದರೆ 400 ಗಜದಲ್ಲಿ ಸುಮಾರು ಮೂರೂವರೆ ಇಂಚು ಇರಬೇಕು. ಹಾಗಾದರೆ ಒಂದೂಕಾಲು ಇಂಚಿನ ಒಳಗೆ ಬೀಳುವುದು ಹತ್ತು ಈಡಿನಲ್ಲಿ ಸುಮಾರು ಒಂದು. ರೈಫಲ್ ಒಳ್ಳೆಯದೇ. ಆದರೆ ಅದು ಒಳ್ಳೆಯದು ಅಂತ ಗೊತ್ತಾದದ್ದು 1857ರ ಲೆಕ್ಕದಿಂದ, ರಾಣಿಯ ದಾರದಿಂದಲ್ಲ. ಆವತ್ತು ಅದೃಷ್ಟವೂ ಸ್ವಲ್ಪ ಜೊತೆಗಿತ್ತು.

ಐದು ತೂತಿನ ಲೆಕ್ಕ

ಈಗ ಸುಲಭದ ಉದಾಹರಣೆ. 50 ಮೀಟರ್ ದೂರದಲ್ಲಿ ಕಾಗದ. ಒಬ್ಬರು ಅದರ ನಡುವಿಗೆ ಗುರಿ ಇಟ್ಟು ಐದು ಈಡು ಹೊಡೆದರು. ತೂತುಗಳು ನಡುವಿನಿಂದ ಎಷ್ಟು ಸೆಂಟಿಮೀಟರ್ ಬಲಕ್ಕೆ, ಎಷ್ಟು ಮೇಲಕ್ಕೆ ಅಂತ ಬರೆದುಕೊಳ್ಳಿ. ಮೊದಲನೆಯದು 2 ಬಲಕ್ಕೆ, 1 ಮೇಲೆ. ಎರಡನೆಯದು 4 ಮತ್ತು 3. ಆಮೇಲೆ 3 ಮತ್ತು 5. 6 ಮತ್ತು 2. 5 ಮತ್ತು 4.

ಬಲದ ಸಂಖ್ಯೆಗಳ ಸರಾಸರಿ 4. ಮೇಲಿನದ್ದು 3. ಅಂದರೆ ಗುಂಪಿನ ನಡುಬಿಂದು 4 ಸೆಂಟಿಮೀಟರ್ ಬಲಕ್ಕೆ, 3 ಮೇಲಕ್ಕೆ. ನಿಜವಾದ ಗುರಿಯಿಂದ 5 ಸೆಂಟಿಮೀಟರ್ ದೂರ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಉಂಟು. ಗುಂಪು ಎಲ್ಲಿ ಬಿತ್ತು? ಗುಂಪು ಎಷ್ಟು ಹರಡಿತು? ಮೊದಲನೆಯದು ಸೈಟ್ ತಿರುಗಿಸಿದರೆ ಸರಿ ಆಗ್ತದೆ. ಎರಡನೆಯದು ಕೋವಿಯ, ತೋಟಾದ, ಹೊಡೆಯುವವರ ಗುಣ. ಸೈಟ್ ಎಷ್ಟು ತಿರುಗಿಸಿದರೂ ಅದು ಬದಲಾಗುವುದಿಲ್ಲ. ತುಂಬಾ ಜನ ಒಂದು ಈಡು ಹೊಡೆದು, ಅದು ಬಲಕ್ಕೆ ಹೋಯ್ತು ಅಂತ ಸೈಟ್ ಎಡಕ್ಕೆ ತಿರುಗಿಸ್ತಾರೆ. ಮುಂದಿನದು ಎಡಕ್ಕೆ ಹೋಗ್ತದೆ, ಬಲಕ್ಕೆ ತಿರುಗಿಸ್ತಾರೆ. ಇದು ಕೋವಿ ಸರಿ ಮಾಡುವುದಲ್ಲ, ತನ್ನ ನೆರಳಿನ ಹಿಂದೆ ತಾನೇ ಓಡುವುದು.

ಹರಡು ಅಳೆಯಲು ಎರಡು ದಾರಿ. ಒಂದು, ಅತಿ ದೂರದ ಎರಡು ತೂತುಗಳ ನಡುವಿನ ಅಂತರ. ನಮ್ಮ ಉದಾಹರಣೆಯಲ್ಲಿ 4.2 ಸೆಂಟಿಮೀಟರ್. ಸ್ಕೇಲ್ ಇಟ್ಟರೆ ಮುಗೀತು, ಅದಕ್ಕೇ ಎಲ್ಲರಿಗೂ ಇಷ್ಟ. ಎರಡು, 1857ರಲ್ಲಿ ಮಾಡಿದ ಹಾಗೆ ನಡುಬಿಂದುವಿನಿಂದ ಸರಾಸರಿ ದೂರ. ಅದು ಇಲ್ಲಿ 1.7.

ಈಗ ಆರನೇ ಈಡು ಹೊಡೆದರು. ಅದು 10 ಬಲಕ್ಕೆ, 3 ಮೇಲೆ ಹೋಗಿ ಬಿತ್ತು. ಮೊದಲಿನ ಅಳತೆ 4.2ರಿಂದ 8.2ಕ್ಕೆ ಹಾರಿತು, ಹೆಚ್ಚುಕಡಿಮೆ ಎರಡು ಪಟ್ಟು. ಸರಾಸರಿ ದೂರ 1.7ರಿಂದ 2.5ಕ್ಕೆ ಮಾತ್ರ ಏರಿತು. ಯಾಕೆ? ಮೊದಲ ಅಳತೆಯಲ್ಲಿ ಎರಡೇ ತೂತುಗಳಿಗೆ ಮಾತು, ಉಳಿದವು ಬಾಯಿ ಮುಚ್ಚಿ ಕೂತಿವೆ. ಎರಡನೆಯದರಲ್ಲಿ ಎಲ್ಲದಕ್ಕೂ ಒಂದೊಂದು ಓಟು.

ಈ ಆರನೆಯ ತೂತಿನ ಹತ್ತಿರವೇ ಮನುಷ್ಯನ ಪ್ರಾಮಾಣಿಕತೆಯ ಪರೀಕ್ಷೆ. "ಅದನ್ನು ಬಿಡಿ, ಕೈ ಸ್ವಲ್ಪ ಅಲ್ಲಾಡಿತು" ಅನ್ನುವ ಆಸೆ. ಬಿಟ್ಟರೆ ಕೋವಿ ಕೂಡಲೇ ಒಳ್ಳೆಯದಾಗ್ತದೆ, ಆದರೆ ಕಾಗದದ ಮೇಲೆ ಮಾತ್ರ. ತೋಟದಲ್ಲಿ ಆ ಆರನೇ ಈಡು ಮತ್ತೆ ಬಂದೇ ಬರ್ತದೆ.

ಎಷ್ಟು ಈಡು ಸಾಕು? ಮೂರು ಹೊಡೆದು ಅಳೆಯುವುದು ವಾಡಿಕೆ. ಆದರೆ ಮೂರು ಈಡಿನ ಗುಂಪು ಯಾವಾಗಲೂ ಚಂದವೇ ಕಾಣ್ತದೆ. ಅದೇ ಕೋವಿ, ಅದೇ ಕೈ, ಹತ್ತು ಈಡು ಹೊಡೆದರೆ ಗುಂಪಿನ ಅಗಲ ಸರಾಸರಿ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗ್ತದೆ. ಕೋವಿ ಹಾಳಾದದ್ದಲ್ಲ, ಸತ್ಯ ಹೊರಗೆ ಬರಲು ಅವಕಾಶ ಸಿಕ್ಕಿದ್ದು. ಹಾಗಾಗಿ ಯಾರಾದರೂ "ನನ್ನದು ಇಷ್ಟೇ ಇಂಚಿನ ಗುಂಪು" ಅಂದರೆ ಕೇಳಬೇಕಾದ್ದು ಮೂರು. ಎಷ್ಟು ದೂರ? ಎಷ್ಟು ಈಡು? ಎಷ್ಟು ಗುಂಪುಗಳಲ್ಲಿ ಇದು ಒಂದು?

ದೂರ ಬೇರೆ ಬೇರೆ ಇದ್ದರೆ ಹೋಲಿಸಲು ಕೋನದ ಲೆಕ್ಕ ಬಳಸ್ತಾರೆ. ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು, ಒಂದು ನಿಮಿಷ. 100 ಮೀಟರಿನಲ್ಲಿ ಅದು 2.9 ಸೆಂಟಿಮೀಟರ್. 50 ಮೀಟರಿನಲ್ಲಿ ಅದರ ಅರ್ಧ. ನಮ್ಮ ಐದು ತೂತಿನ ಗುಂಪು ಸುಮಾರು 3 ನಿಮಿಷದ್ದು.

ತೆಂಗಿನಕಾಯಿ ಏನು ಹೇಳ್ತದೆ

"ಇಷ್ಟೆಲ್ಲ ಯಾಕೆ, ನಮ್ಮಲ್ಲಿ ತೆಂಗಿನಕಾಯಿ ಉಂಟಲ್ಲ?" ಅಂತ ನೀವು ಕೇಳಬಹುದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಸಮಯಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಬಹಳ ಹೆಸರುವಾಸಿ. ಕಾಯಿ ಒಡೆದರೆ ಜೈ, ಇಲ್ಲದಿದ್ದರೆ ಮುಂದಿನವರು ಬನ್ನಿ. ನೋಡಲು ಮಜಾ, ಇಡೀ ಊರು ಸೇರ್ತದೆ.

ಆದರೆ ಅಳತೆಯಾಗಿ ಕಾಯಿ ಜಿಪುಣ. ಹೌದು ಅಥವಾ ಅಲ್ಲ, ಎರಡೇ ಮಾತು. ಕೂದಲೆಳೆಯಲ್ಲಿ ತಪ್ಪಿದ್ದೂ ಮಾರು ದೂರ ತಪ್ಪಿದ್ದೂ ಅದಕ್ಕೆ ಒಂದೇ. ಎರಡರಲ್ಲಿ ಒಂದು ಕಾಯಿ ಒಡೆಯುವಷ್ಟು ಸಾಮಾನ್ಯ ಗುರಿಕಾರರು ಎಂಟು ಜನ ಇದ್ದರೆ, ಅವರಲ್ಲಿ ಸರಾಸರಿ ಒಬ್ಬರು ಸತತ ಮೂರು ಕಾಯಿ ಒಡೆಯುತ್ತಾರೆ. ಅವರಿಗೆ ಬಹುಮಾನ ಸಿಗಲಿ, ಸಂತೋಷ. ಆದರೆ ಅವರ ಕೋವಿಯನ್ನು ಅದೇ ಕಾರಣಕ್ಕೆ ದುಪ್ಪಟ್ಟು ಬೆಲೆಗೆ ಕೊಳ್ಳಬೇಡಿ.

ಅತ್ಯುನ್ನತ ಮಟ್ಟದಲ್ಲೂ ಇದೇ ಪಾಠ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲಿನಲ್ಲಿ ಚಿನ್ನ ಗೆದ್ದರು. ಆ ಗುರಿಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಫೈನಲ್‌ಗೆ ಮೊದಲಿನ ಅಭ್ಯಾಸದ ಹೊಡೆತ ಎಲ್ಲೋ ಹೊರಗೆ ಬಿದ್ದಿತ್ತು. ಅವರು ಮತ್ತೆ ಹೊಡೆದು, ನೋಡಿ, ಸೈಟ್ ಹೊಂದಿಸಿಕೊಂಡರು. ನಮಗೆ ನೆನಪಿರುವುದು ಕೊನೆಯ 10.8. ಅದಕ್ಕೆ ದಾರಿ ಮಾಡಿದ್ದು ಯಾರೂ ನೋಡದ ಆ ಅಭ್ಯಾಸದ ಹೊಡೆತಗಳು.

ಹಾಗಾದರೆ ಚರೆ ಹಾರಿಸುವ ತೋಟಾ ಕೋವಿಗೆ ಏನು ಮಾಡುವುದು? ಅದಕ್ಕೆ ಲೆಕ್ಕ ಬೇರೆ. 40 ಗಜದಲ್ಲಿ ದೊಡ್ಡ ಕಾಗದ ಇಟ್ಟು ಹೊಡೆದು, ದಟ್ಟವಾಗಿ ಬಿದ್ದ ಜಾಗದ ಸುತ್ತ 30 ಇಂಚಿನ ವೃತ್ತ ಎಳೆದು, ಒಟ್ಟು ಚರೆಯಲ್ಲಿ ಶೇಕಡಾ ಎಷ್ಟು ಒಳಗೆ ಬಿತ್ತು ಅಂತ ಎಣಿಸ್ತಾರೆ. ತುದಿ ಬಿಗಿ ಇರುವ ನಳಿಗೆಯಲ್ಲಿ ಸುಮಾರು 70, ಬಿಗಿ ಇಲ್ಲದ್ದರಲ್ಲಿ ಸುಮಾರು 40. ಉಳಿದ ಚರೆ ಎಲ್ಲಿ ಹೋಯ್ತು? ವೃತ್ತದ ಹೊರಗೆ. ಅಲ್ಲಿ ಯಾರು ಇದ್ದರು ಅನ್ನುವುದೇ ಮುಖ್ಯ ಪ್ರಶ್ನೆ.

ನಿಮ್ಮ ಫೋನಿನ ನೀಲಿ ವೃತ್ತ

ಕೋವಿ ಇಲ್ಲದವರಿಗೂ ಈ ಪ್ರಯೋಗ ಉಂಟು. ಫೋನಿನಲ್ಲಿ ಮ್ಯಾಪ್ ತೆರೆಯಿರಿ. ನಿಮ್ಮ ನೀಲಿ ಚುಕ್ಕೆಯ ಸುತ್ತ ಒಂದು ತಿಳಿ ನೀಲಿ ವೃತ್ತ. ಫೋನ್ ಹೇಳ್ತಾ ಉಂಟು, "ನನ್ನ ಲೆಕ್ಕದ ಪ್ರಕಾರ ನೀವು ಇಲ್ಲಿ, ಆದರೆ ನನ್ನ ಹರಡು ಇಷ್ಟು" ಅಂತ. ಆಂಡ್ರಾಯ್ಡ್‌ನ ಲೆಕ್ಕದಲ್ಲಿ ನೀವು ನಿಜವಾಗಿ ಆ ವೃತ್ತದೊಳಗೆ ಇರುವ ಸಾಧ್ಯತೆ ಶೇಕಡಾ 68. ಪುತ್ತೂರು ಬಸ್‌ಸ್ಟ್ಯಾಂಡಿನ ಬಯಲಲ್ಲಿ ವೃತ್ತ ಸಣ್ಣದು. ದಟ್ಟ ಮರದ ಅಡಿಯಲ್ಲಿ ದೊಡ್ಡದು. ತೂತು ಎಣಿಸಿದ ಅದೇ ಗಣಿತ, ಬಟ್ಟೆ ಬೇರೆ.

ನನಗೆ ಇಷ್ಟ ಆಗುವುದು ಫೋನಿನ ಈ ಗುಣ. ತನಗೆ ಗೊತ್ತಿರುವುದನ್ನು ಹೇಳುವಾಗಲೇ ಎಷ್ಟು ತಪ್ಪಿರಬಹುದು ಅಂತಲೂ ಹೇಳ್ತದೆ. ಮದುವೆ ಮನೆಯ ಕೋವಿ ಕತೆಗಳಿಗೆ ಆ ನೀಲಿ ವೃತ್ತ ಇರುವುದಿಲ್ಲ.

ಯಾಕೆ ಮುಖ್ಯ

ಇದು ಬರೀ ಲೆಕ್ಕದ ಆಟ ಅಲ್ಲ. ಲೈಸೆನ್ಸ್ ಇದ್ದ ಮಾತ್ರಕ್ಕೆ ಬೇಟೆ ಆಡಬಹುದು ಅಂತ ಅರ್ಥ ಅಲ್ಲ. 1972ರ ವನ್ಯಜೀವಿ ಕಾಯ್ದೆ ಉಂಟು, ಹಂದಿಯ ವಿಷಯದಲ್ಲೂ ಷರತ್ತುಗಳಿವೆ. ಹೆಚ್ಚಿನ ರೈತರು ಕೋವಿಯನ್ನು ಸದ್ದಿಗೆ, ಓಡಿಸಲಿಕ್ಕೆ ಬಳಸುವವರು. ಆದರೆ ರಾತ್ರಿ, ಟಾರ್ಚ್ ಬೆಳಕು, ಪೊದೆ ಅಲುಗಿತು, "ನನ್ನ ಕೋವಿ ತಪ್ಪುವುದಿಲ್ಲ" ಎಂಬ ಧೈರ್ಯ. ಆ ಧೈರ್ಯ ಎಷ್ಟು ಈಡಿನ ಮೇಲೆ ನಿಂತಿದೆ? ಗಾಯಗೊಂಡ ಹಂದಿ ಎಷ್ಟು ಅಪಾಯ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಪೊದೆಯ ಹಿಂದೆ ಇದ್ದದ್ದು ಹಂದಿಯೇ ಅಲ್ಲದಿದ್ದರೆ? ತನ್ನ ಕೋವಿಯ ಹರಡು ಗೊತ್ತಿದ್ದವನು ಎಷ್ಟೋ ಸಲ ಕುದುರೆ ಎಳೆಯದೆ ಕೋವಿ ಕೆಳಗಿಳಿಸ್ತಾನೆ. ಈ ಲೆಕ್ಕದ ಅತಿ ದೊಡ್ಡ ಉಪಯೋಗ ಅದು.

ಚರಿತ್ರೆಗೂ ಇದೇ ಮಾತು. 1837ನ್ನು ಒಂದು ಕಾಗದದಲ್ಲಿ ಓದಿದರೆ ಲೂಟಿ, ಇನ್ನೊಂದರಲ್ಲಿ ಸ್ವಾತಂತ್ರ್ಯ. ಕಂದಾಯದ ಲೆಕ್ಕ, ಕಂಪನಿಯ ಪತ್ರ, ಮನೆಮನೆಯ ನೆನಪು, ಊರ ಹಾಡು, ಗಲ್ಲಿನ ದಾಖಲೆ, ಎಲ್ಲವನ್ನೂ ಒಂದೇ ಕಾಗದದ ಮೇಲೆ ಗುರುತು ಮಾಡಬೇಕು. ನಮಗೆ ಬೇಡದ ಆರನೇ ತೂತನ್ನೂ ಸೇರಿಸಿ. ಆಗ ನಡುಬಿಂದು ಎಲ್ಲಿ ಉಂಟು ಅಂತ ಕಾಣ್ತದೆ.

ಮುಂದಿನ ಸಲ ಬೆಳ್ಳಾರೆ ಕಡೆ ಹೋದರೆ ಬಂಗ್ಲೆಗುಡ್ಡೆ ಒಮ್ಮೆ ನೋಡಿ. ಮದುವೆ ಮನೆಯಲ್ಲಿ ಯಾರಾದರೂ ಅಜ್ಜನ ಕೋವಿಯ ಕತೆ ತೆಗೆದರೆ ಪೂರ್ತಿ ಕೇಳಿ, ನಕ್ಕು, ಆಮೇಲೆ ಮೆಲ್ಲ ಒಂದು ಪ್ರಶ್ನೆ ಕೇಳಿ. "ಒಟ್ಟು ಎಷ್ಟು ಈಡು ಅಣ್ಣಾ?"